ಕೆನಡಿ: ಒಂದು ಐರಿಷ್ ಮನೆತನದ ಹೆಸರಿನ ಜಾಡು ಹಿಡಿದು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅವತ್ತು ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಕೆನಡಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಜಾನ್ ಎಫ್. ಕೆನಡಿ. 1961ರಲ್ಲಿ ಅಮೆರಿಕದ ಅಧ್ಯಕ್ಷರಾದವರು, 1963ರ ನವೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಗುಂಡಿಗೆ ಬಲಿಯಾದವರು. ಅವರು ಐರಿಷ್ ಮೂಲದವರು ಅನ್ನೋದೂ ಎಷ್ಟೋ ಜನರಿಗೆ ಗೊತ್ತಿದೆ. ಆದರೆ ಅವರ ಹೆಸರು ಎಲ್ಲಿಂದ ಬಂತು, ಅದಕ್ಕೆ ಅರ್ಥ ಏನು ಅಂತ ಕೇಳಿದರೆ ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ಇವತ್ತು ಆ ಹೆಸರನ್ನು ಹಿಡಿದುಕೊಂಡು ಸಾವಿರ ವರ್ಷ ಹಿಂದಕ್ಕೆ ಹೋಗೋಣ.

ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ವಿಷಯ. ಮನೆತನದ ಹೆಸರು ಅಂದರೆ ರಕ್ತಸಂಬಂಧದ ಗುರುತು ಅಂತ ನಾವು ಅಂದುಕೊಳ್ಳುತ್ತೇವೆ. ಐರ್ಲೆಂಡಿನಲ್ಲಿ ಅದಕ್ಕಿಂತ ಜಾಸ್ತಿ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಆ ಹೆಸರನ್ನು ಯಾರು ಬರೆದರು? ಯಾವ ಭಾಷೆಯಲ್ಲಿ ಬರೆದರು? ಬರೆಯುವಾಗ ಏನನ್ನು ಬಿಟ್ಟರು? ಕೆನಡಿ ಅನ್ನೋ ಹೆಸರಿನ ಮುಂದೆ ಒಂದು ಕಾಲದಲ್ಲಿ ಇದ್ದ ಒಂದಕ್ಷರ ಇವತ್ತು ಇಲ್ಲ. ಆ ಒಂದಕ್ಷರದ ಹಿಂದೆ ಇಡೀ ದೇಶದ ಕಥೆ ಇದೆ.

ಶುರು ಮಾಡೋದು ಶಾನನ್ ನದಿಯ ದಡದಿಂದ. ಐರ್ಲೆಂಡಿನ ಅತಿ ಉದ್ದದ ನದಿ ಅದು. ಡರ್ಗ್ ಎಂಬ ದೊಡ್ಡ ಸರೋವರವನ್ನು ದಾಟಿ ನದಿ ಮತ್ತೆ ಕಿರಿದಾಗುವ ಜಾಗದಲ್ಲಿ ಕಿಲ್ಲಲೂ ಅಂತ ಒಂದು ಊರಿದೆ. ಹತ್ತನೇ ಶತಮಾನದಲ್ಲಿ ಆ ಸೀಮೆ ಡಾಲ್ ಗ್ಯಾಶ್ ಅನ್ನೋ ಕುಲದವರ ಕೈಯಲ್ಲಿತ್ತು. ಆಗ ಅವರೇನೂ ದೊಡ್ಡ ಅರಸರಲ್ಲ. ಅವರ ನಾಯಕ ಲೋರ್ಕಾನ್‌ನ ಮಗ ಕೆನ್ನೇಡಿಗ್. 951ರಲ್ಲಿ ತೀರಿಕೊಂಡ. ಇವನ ಮಗನೇ ಐರ್ಲೆಂಡಿನ ಅತ್ಯಂತ ಪ್ರಸಿದ್ಧ ರಾಜ, ಬ್ರಿಯನ್ ಬೋರು.

ಬ್ರಿಯನ್ 1002ರಲ್ಲಿ ಇಡೀ ದ್ವೀಪದ ಮಹಾರಾಜ ಅನ್ನಿಸಿಕೊಂಡ. 1014ರ ಏಪ್ರಿಲ್ 23, ಗುಡ್ ಫ್ರೈಡೇ ದಿನ, ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್‌ನಲ್ಲಿ ಯುದ್ಧ ನಡೆಯಿತು. ಡಬ್ಲಿನ್ನಿನ ವೈಕಿಂಗರು ಮತ್ತು ಲೆನ್‌ಸ್ಟರ್ ಪ್ರಾಂತ್ಯದವರು ಒಂದು ಕಡೆ, ಬ್ರಿಯನ್ ಇನ್ನೊಂದು ಕಡೆ. ಅವನ ಸೈನ್ಯ ಗೆದ್ದಿತು, ಅವನು ಸತ್ತ. ಈ ಕಥೆಯನ್ನು ಐರ್ಲೆಂಡಿನ ಶಾಲೆಗಳಲ್ಲಿ ಇವತ್ತಿಗೂ ಹೇಳಿಕೊಡುತ್ತಾರೆ.

ನಮಗೆ ಬೇಕಾದ್ದು ಅವನ ಹೆಸರು. ಹಳೆಯ ಬರಹಗಳಲ್ಲಿ ಅವನನ್ನು ‘ಬ್ರಿಯನ್ ಮ್ಯಾಕ್ ಕೆನ್ನೇಡಿಗ್’ ಅಂತ ಬರೆದಿದ್ದಾರೆ. ಕೆನ್ನೇಡಿಗ್‌ನ ಮಗ ಬ್ರಿಯನ್ ಅಂತ. ಮ್ಯಾಕ್ ಅಂದರೆ ಮಗ. ಆಗ ಅದು ಮನೆತನದ ಹೆಸರಲ್ಲ, ಸುಮ್ನೆ ಇಂಥವರ ಮಗ ಅನ್ನೋ ಗುರುತು. ಅವನ ಮಗನ ಕಾಲಕ್ಕೆ ಅದು ಬದಲಾಗುತ್ತದೆ, ‘ಮ್ಯಾಕ್ ಬ್ರಿಯನ್’ ಆಗುತ್ತದೆ. ಹೀಗೆ ತಲೆಮಾರಿಗೊಂದು ಹೆಸರು.

ಈ ಪದ್ಧತಿ ನಿಂತು ಹೆಸರು ಗಟ್ಟಿಯಾಗಿದ್ದು ಹತ್ತು ಮತ್ತು ಹನ್ನೊಂದನೇ ಶತಮಾನದಲ್ಲಿ. ಯುರೋಪಿನಲ್ಲೇ ಮನೆತನದ ಹೆಸರು ಬಹಳ ಬೇಗ ನೆಲೆಯೂರಿದ ದೇಶಗಳಲ್ಲಿ ಐರ್ಲೆಂಡೂ ಒಂದು. ಅಲ್ಲಿನ ಮಠಗಳಲ್ಲಿ ವರ್ಷವರ್ಷವೂ ಯಾರು ಸತ್ತರು, ಎಲ್ಲಿ ಕಾಳಗ ಆಯಿತು ಅಂತ ಬರೆದಿಡುತ್ತಿದ್ದರು. 916ರ ಹೊತ್ತಿಗೆ ಗಾಲ್ವೇ ಸೀಮೆಯ ಓ ಕ್ಲೇರಿ ಅನ್ನೋ ಮನೆತನದ ನಾಯಕನೊಬ್ಬನ ಸಾವು ಆ ಬರಹಗಳಲ್ಲಿ ದಾಖಲಾಗಿದೆ. ಐರಿಷ್ ಸರ್‌ನೇಮ್‌ಗಳಲ್ಲಿ ಅತ್ಯಂತ ಹಳೆಯದು ಅಂತ ಸಾಮಾನ್ಯವಾಗಿ ತೋರಿಸೋದು ಇದನ್ನೇ. ಬ್ರಿಯನ್ ಬೋರುವೇ ಎಲ್ಲರೂ ಸರ್‌ನೇಮ್ ಇಟ್ಟುಕೊಳ್ಳಬೇಕು ಅಂತ ಆಜ್ಞೆ ಮಾಡಿದ ಅನ್ನೋ ಒಂದು ಮಾತು ಐರ್ಲೆಂಡಿನಲ್ಲಿ ತುಂಬ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ, ಆದರೆ ಅದಕ್ಕೆ ಆಧಾರ ಇಲ್ಲ. ಓ ಕ್ಲೇರಿ ಹೆಸರು ಬ್ರಿಯನ್ ಹುಟ್ಟುವ ಮೊದಲೇ ಇತ್ತು ಅಂದಮೇಲೆ ಆಜ್ಞೆಯ ಕಥೆ ನಿಲ್ಲೋದೇ ಇಲ್ಲ.

ಈಗ ಆ ಒಂದಕ್ಷರಕ್ಕೆ ಬರೋಣ. ಐರಿಷ್ ಭಾಷೆಯಲ್ಲಿ ‘ಓ’ ಅಂದರೆ ಮೊಮ್ಮಗ. ಹಳೆಯ ರೂಪ ‘ಉಅ’. ಮೊದಲು ನಿಜವಾದ ಮೊಮ್ಮಗನಿಗೆ ಹೇಳುತ್ತಿದ್ದರು, ಆಮೇಲೆ ವಂಶದವರಿಗೆಲ್ಲ ಅದು ಅಂಟಿಕೊಂಡಿತು. ಓ ಬ್ರಿಯನ್ ಅನ್ನೋ ಹೆಸರಿನಲ್ಲಿ ಇದು ನಡೆದ ಘಳಿಗೆ ನಮಗೆ ಕಣ್ಣಿಗೆ ಕಾಣುತ್ತದೆ. ಬ್ರಿಯನ್ ಬೋರುವಿನ ಮೊಮ್ಮಗ ಟರ್ಲಾಕ್, ದಕ್ಷಿಣದ ಮನ್‌ಸ್ಟರ್ ಪ್ರಾಂತ್ಯದ ರಾಜ, 1086ರಲ್ಲಿ ತೀರಿಕೊಂಡ. ಅವನನ್ನು ‘ಉಅ ಬ್ರಿಯನ್’ ಅಂದರೆ ಅದು ಅಕ್ಷರಶಃ ನಿಜ, ಅವನು ಬ್ರಿಯನ್‌ನ ಮೊಮ್ಮಗನೇ. ಅವನ ಮಗನೂ ಅದೇ ಹೆಸರನ್ನು ಇಟ್ಟುಕೊಂಡ. ಅಲ್ಲಿಗೆ ಅದು ಮನೆತನದ ಹೆಸರಾಯಿತು.

ಕೆನಡಿಯದ್ದೂ ಹಾಗೇ, ಆದರೆ ಕವಲು ಬೇರೆ. ಬ್ರಿಯನ್‌ಗೆ ಡೊನ್‌ಕುವನ್ ಅಂತ ಒಬ್ಬ ಸೋದರ ಇದ್ದ. ಅವನ ಮಗನಿಗೆ ತಾತನ ಹೆಸರನ್ನೇ ಇಟ್ಟರು, ನಮ್ಮ ಮನೆಗಳಲ್ಲಿ ಇಡೋ ಹಾಗೆ. ಹೀಗೆ ಬ್ರಿಯನ್‌ನ ಅಪ್ಪನೂ ಕೆನ್ನೇಡಿಗ್, ಸೋದರನ ಮಗನೂ ಕೆನ್ನೇಡಿಗ್. ಕೆನಡಿ ಮನೆತನದವರು ತಮ್ಮ ಮೂಲಪುರುಷ ಅಂತ ಹೇಳಿಕೊಳ್ಳೋದು ಈ ಎರಡನೆಯವನನ್ನು. ಅವನ ವಂಶದವರು ‘ಓ ಕಿನ್ನೇಜೆ’ ಆದರು. ಇವತ್ತಿನ ಐರಿಷ್‌ನಲ್ಲಿ ಕೆನಡಿಯನ್ನು ಬರೆಯೋದು, ಹೇಳೋದು ಹೀಗೆಯೇ. ಅಂದರೆ ಓ ಬ್ರಿಯನ್ ಮತ್ತು ಕೆನಡಿ ಒಂದೇ ಮನೆಯ ಎರಡು ಬಾಗಿಲು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಅರ್ಥ. ‘ಕೆನ್’ ಅಂದರೆ ತಲೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರೋದು ಉಳಿದ ಭಾಗದ ಬಗ್ಗೆ. ಅದಕ್ಕೆ ‘ಕುರೂಪದ, ವಿಕಾರವಾದ’ ಅನ್ನೋ ಅರ್ಥ ಹೆಚ್ಚು ಜನ ಕೊಡುತ್ತಾರೆ. ಹಾಗಾದರೆ ಹೆಸರಿನ ಅರ್ಥ ‘ವಿಕಾರ ತಲೆಯವನು’. ಇನ್ನು ಕೆಲವರು ಆ ಭಾಗವನ್ನು ಉಡುಪು, ಕವಚ ಅನ್ನೋ ಪದಕ್ಕೆ ಜೋಡಿಸಿ ‘ಶಿರಸ್ತ್ರಾಣ ತೊಟ್ಟವನು’ ಅನ್ನುತ್ತಾರೆ. ಇವತ್ತು ಕೆನಡಿ ಹೆಸರಿನ ಲಾಂಛನ ಮಾರುವ ಅಂಗಡಿಗಳಿಗೆ ಎರಡನೆಯದೇ ಇಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಗೇಲಿಕ್ ಜನ, ಅಂದರೆ ಐರಿಷ್ ಮತ್ತು ಅದರ ಸೋದರ ಭಾಷೆಗಳನ್ನು ಆಡುವವರು, ಮೈಯ ಗುರುತನ್ನು ಹಿಡಿದು ಹೆಸರಿಡೋದಕ್ಕೆ ಹಿಂಜರಿದವರೇ ಅಲ್ಲ. ಅದೇ ಭಾಷಾ ಕುಟುಂಬದ ಸ್ಕಾಟ್ಲೆಂಡಿನಲ್ಲಿ ಕ್ಯಾಂಪ್‌ಬೆಲ್ ಅಂದರೆ ಸೊಟ್ಟ ಬಾಯಿಯವನು, ಕ್ಯಾಮರೂನ್ ಅಂದರೆ ಸೊಟ್ಟ ಮೂಗಿನವನು. ಎರಡೂ ದೊಡ್ಡ ದೊಡ್ಡ ಮನೆತನಗಳೇ. ಒಬ್ಬ ನಾಯಕ ಆ ಹೆಸರನ್ನು ಹೊತ್ತುಕೊಂಡು ಗೆದ್ದು ಬಂದರೆ ಜನ ಅದನ್ನು ಹೆಮ್ಮೆಯಿಂದಲೇ ಮಕ್ಕಳಿಗೂ ಇಡುತ್ತಿದ್ದರು. ಕೆನ್ನೇಡಿಗ್‌ನ ಮೊಮ್ಮಗನಿಗೆ ಅದೇ ಹೆಸರು ಬಂದಿದೆ ಅಂದರೆ ಅದನ್ನು ಬೈಗುಳ ಅಂತ ಆ ಮನೆಯವರು ಎಣಿಸಿರಲಿಲ್ಲ.

ಇಲ್ಲೇ ಒಂದು ಮಾತು. ಕೆನೆತ್ ಅನ್ನೋ ಹೆಸರಿಗೂ ಕೆನಡಿಗೂ ಸಂಬಂಧ ಇದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಇಲ್ಲ, ಅವೆರಡರ ಮೂಲ ಬೇರೆ ಬೇರೆ.

ಓ ಕಿನ್ನೇಜೆ ಮನೆತನದವರು ಕಿಲ್ಲಲೂ ಪಕ್ಕದಿಂದ ಹೊರಟು ನದಿಯ ಪೂರ್ವಕ್ಕೆ ದಾಟಿದರು. ಇವತ್ತಿನ ಟಿಪ್ಪರೇರಿ ಕೌಂಟಿಯ ಉತ್ತರ ಭಾಗ ಅದು. ಅದಕ್ಕೆ ಆರ್ಮಂಡ್ ಅಂತ ಹೆಸರು, ಅಂದರೆ ಪೂರ್ವ ಮನ್‌ಸ್ಟರ್. ನೂರಾರು ವರ್ಷ ಅವರು ಅಲ್ಲಿನ ಒಡೆಯರಾಗಿದ್ದರು. ಬೆಳೆದು ಬೆಳೆದು ಮೂರು ಕವಲಾದರು. ಕಂದು ಕೆನಡಿ, ಬಿಳಿ ಕೆನಡಿ, ಕೆಂಪು ಕೆನಡಿ. ಐರಿಷ್‌ನಲ್ಲಿ ಡೋನ್, ಫಿನ್, ರುವ. ಒಂದೇ ಹೆಸರಿನ ಜನ ಜಾಸ್ತಿಯಾದಾಗ ಹೀಗೆ ಬಣ್ಣದ ಗುರುತು ಸೇರಿಸೋದು ಅಲ್ಲಿ ಮಾಮೂಲು.

ಈ ಮನೆತನದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಒಂದು ಪೆಟ್ಟಿಗೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸುಮಾರು 800ರ ಹೊತ್ತಿಗೆ ಬರೆದ ಒಂದು ಪುಟ್ಟ ಪೂಜಾಪುಸ್ತಕ ಇದೆ. ಸ್ಟೋ ಮಿಸಲ್ ಅಂತ ಕರೆಯುತ್ತಾರೆ. ಬಹುಪಾಲು ಲ್ಯಾಟಿನ್, ಸ್ವಲ್ಪ ಹಳೆಯ ಐರಿಷ್. ಕ್ರೈಸ್ತ ಪಾದ್ರಿ ಪೂಜೆಯ ಹೊತ್ತಿಗೆ ಓದಬೇಕಾದ ಪ್ರಾರ್ಥನೆಗಳು ಅದರಲ್ಲಿವೆ. ಇಂಥ ಪವಿತ್ರ ಪುಸ್ತಕಗಳನ್ನು ಇಡೋದಕ್ಕೆ ಐರ್ಲೆಂಡಿನಲ್ಲಿ ಲೋಹದ ತಗಡು ಹೊದಿಸಿದ ಪೆಟ್ಟಿಗೆ ಮಾಡಿಸುತ್ತಿದ್ದರು. ಈ ಪುಸ್ತಕಕ್ಕೂ ಒಂದು ಪೆಟ್ಟಿಗೆ ಇದೆ. ಉತ್ತರ ಟಿಪ್ಪರೇರಿಯ ಲೋರಾ ಅನ್ನೋ ಮಠದ ಜೊತೆ ಅದಕ್ಕೆ ನಂಟು. ಹನ್ನೊಂದನೇ ಶತಮಾನದ ಮೊದಲ ಭಾಗದಲ್ಲಿ ಆ ಪೆಟ್ಟಿಗೆ ಮಾಡಿದವರು ಅದರ ಮೇಲೆ ಅಕ್ಷರ ಕೊರೆದರು. ಇಂಥಿಂಥವರಿಗಾಗಿ ಪ್ರಾರ್ಥಿಸಿ ಅಂತ ಹೆಸರುಗಳ ಸಾಲು. ಅದರಲ್ಲಿ ಒಂದು ಹೆಸರು ಬ್ರಿಯನ್‌ನ ಮಗ ಡೊನ್ನಕಾ. ಅವನೇ, ನಮ್ಮ ಬ್ರಿಯನ್ ಬೋರುವಿನ ಮಗ. ಪೆಟ್ಟಿಗೆ ಮಾಡಿದ ಕಸುಬುದಾರನೂ ತನ್ನ ಹೆಸರನ್ನು ಕೊರೆದಿದ್ದಾನೆ, ಡೊನ್ನಕಾ ಉಅ ಟಕ್ಕಾನ್. ಕಸುಬುದಾರನ ಹೆಸರಿನಲ್ಲೂ ಆಗಲೇ ‘ಉಅ’ ಇದೆ ನೋಡಿ.

ಸುಮಾರು ಮುನ್ನೂರೈವತ್ತು ವರ್ಷ ಆದಮೇಲೆ ಅದೇ ಪೆಟ್ಟಿಗೆಯ ಇನ್ನೊಂದು ಮುಖವನ್ನು ಹೊಸದಾಗಿ ಮಾಡಿಸಿದರು. ನಡುವೆ ಹರಳು ಕೂಡಿಸಿದ ಶಿಲುಬೆ. ಅದರ ಮೇಲೂ ಬರಹ ಇದೆ. ಈ ಸಲ ಪ್ರಾರ್ಥನೆ ಕೇಳಿರೋದು ಫಿಲಿಪ್ ಓ ಕಿನ್ನೇಜೆ ಮತ್ತು ಅವನ ಹೆಂಡತಿ ಆನ್ಯಾ ಅವರಿಗಾಗಿ. ಫಿಲಿಪ್‌ನನ್ನು ಅಲ್ಲಿ ‘ಆರ್ಮಂಡ್‌ನ ರಾಜ’ ಅಂತ ಕರೆದಿದೆ. ಗಂಡ ಹೆಂಡತಿ ಇಬ್ಬರೂ ತೀರಿಕೊಂಡಿದ್ದು 1381ರಲ್ಲಿ.

ಆರ್ಮಂಡ್‌ನ ರಾಜ ಅನ್ನೋ ಪದದ ತೂಕ ಅರ್ಥವಾಗಬೇಕಾದರೆ ಇನ್ನೊಂದು ವಿಷಯ ಗೊತ್ತಿರಬೇಕು. ಅದಾಗಲೇ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರು ಐರ್ಲೆಂಡಿಗೂ ಬಂದು ಇನ್ನೂರು ವರ್ಷ ಕಳೆದಿತ್ತು. ಇಂಗ್ಲೆಂಡಿನ ಕಡೆಯಿಂದ 1328ರಲ್ಲಿ ಜೇಮ್ಸ್ ಬಟ್ಲರ್ ಅನ್ನೋನಿಗೆ ‘ಆರ್ಮಂಡ್‌ನ ಅರ್ಲ್’ ಅಂತ ಬಿರುದು ಸಿಕ್ಕಿತ್ತು. ಕಾಗದದ ಮೇಲೆ ಆ ಸೀಮೆ ಬಟ್ಲರ್ ಮನೆತನದ್ದು. ನೆಲದ ಮೇಲೆ ಇದ್ದವರು ಕೆನಡಿಗಳು. ಒಂದೇ ಊರಿಗೆ ಇಬ್ಬರು ಒಡೆಯರು. ಬಟ್ಲರರು ನೀನಾ ಪಟ್ಟಣದಲ್ಲಿ ದೊಡ್ಡ ಕೋಟೆ ಕಟ್ಟಿದ್ದರೂ 1391ರಲ್ಲಿ ಕಿಲ್ಕೆನ್ನಿ ಕೋಟೆಯನ್ನು ಕೊಂಡುಕೊಂಡು ಅಲ್ಲಿಗೆ ನೆಲೆ ಬದಲಿಸಿದರು. ಈ ಜಗ್ಗಾಟದ ನಡುವೆ ಫಿಲಿಪ್ ಆ ಪೆಟ್ಟಿಗೆಯ ಮೇಲೆ ತನ್ನ ಹೆಸರನ್ನು ರಾಜ ಅಂತ ಕೊರೆಸಿದ. ಅದೂ ತನ್ನ ಪೂರ್ವಜರ ಕಾಲದ, ಬ್ರಿಯನ್‌ನ ಮಗನ ಹೆಸರಿದ್ದ ಪೆಟ್ಟಿಗೆಯ ಮೇಲೆ. ಭಕ್ತಿ ಇತ್ತು ಅನ್ನೋದರಲ್ಲಿ ಅನುಮಾನ ಬೇಡ. ಜೊತೆಗೆ ಇದು ನಮ್ಮ ಸೀಮೆ ಅನ್ನೋ ಹಕ್ಕಿನ ಮಾತೂ ಇತ್ತು ಅಂತ ನಾನು ನಂಬುತ್ತೇನೆ.

ಹದಿನೆಂಟನೇ ಶತಮಾನದಲ್ಲಿ ಈ ಪುಸ್ತಕ ಲೋರಾ ಪಕ್ಕದ ಲಕೀನ್ ಕೋಟೆಯ ಗೋಡೆಯೊಳಗೆ ಸಿಕ್ಕಿತು ಅಂತ ಹೇಳಿಕೆ ಇದೆ. ಲಕೀನ್ ಕೆನಡಿಗಳದ್ದೇ ಕೋಟೆ. ಆಮೇಲೆ ಅದು ಇಂಗ್ಲೆಂಡಿನ ಸ್ಟೋ ಅನ್ನೋ ಬಂಗಲೆಯ ಸಂಗ್ರಹಕ್ಕೆ ಹೋಯಿತು. ಪುಸ್ತಕಕ್ಕೆ ಆ ಹೆಸರು ಬಂದಿದ್ದು ಅಲ್ಲಿಂದ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಐರ್ಲೆಂಡಿಗೆ ವಾಪಸ್ ಬಂತು. ಈಗ ಪುಸ್ತಕ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ, ಪೆಟ್ಟಿಗೆ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಎರಡೂ ಡಬ್ಲಿನ್‌ನಲ್ಲೇ. ಆ ಊರಿಗೆ ಹೋದರೆ ದಯವಿಟ್ಟು ಹುಡುಕಿಕೊಂಡು ಹೋಗಿ.

ಪೆಟ್ಟಿಗೆಯ ಮೇಲೆ ಐರಿಷ್ ಭಾಷೆಯಲ್ಲಿ ಪೂರ್ತಿಯಾಗಿ ನಿಂತ ಆ ಹೆಸರು ಕೆನಡಿ ಹೇಗಾಯಿತು?

ಇಂಗ್ಲಿಷರ ಆಳ್ವಿಕೆ ಹರಡಿದ ಹಾಗೆ ಹೆಸರುಗಳ ಮೇಲೆ ಒತ್ತಡ ಬಂತು. 1465ರಲ್ಲೇ ಒಂದು ಕಾನೂನು ಆಯಿತು. ಡಬ್ಲಿನ್ ಮತ್ತು ಸುತ್ತಲಿನ ಇಂಗ್ಲಿಷ್ ಹಿಡಿತದ ಜಿಲ್ಲೆಗಳಲ್ಲಿರುವ ಐರಿಷರು ಇಂಗ್ಲಿಷ್ ಸರ್‌ನೇಮ್ ಇಟ್ಟುಕೊಳ್ಳಬೇಕು ಅಂತ. ಊರಿನ ಹೆಸರು ಆಗಬಹುದು, ಚೆಸ್ಟರ್, ಟ್ರಿಮ್, ಸಟನ್. ಬಣ್ಣ ಆಗಬಹುದು, ವೈಟ್, ಬ್ಲ್ಯಾಕ್, ಬ್ರೌನ್. ಕಸುಬು ಆಗಬಹುದು, ಸ್ಮಿತ್, ಕಾರ್ಪೆಂಟರ್. ಹುದ್ದೆಯೂ ಆಗಬಹುದು, ಕುಕ್, ಬಟ್ಲರ್. ಒಂದು ಸರ್ಕಾರ ಕೂತು ಜನರ ಹೆಸರಿಗೆ ಪಟ್ಟಿ ಮಾಡಿಕೊಟ್ಟಿದೆ ಅಂದರೆ ಆ ಸರ್ಕಾರಕ್ಕೆ ಹೆಸರಿನ ಬೆಲೆ ಚೆನ್ನಾಗಿ ಗೊತ್ತಿತ್ತು.

ಆ ಕಾನೂನು ಆರ್ಮಂಡ್‌ವರೆಗೆ ಮುಟ್ಟಲಿಲ್ಲ. ಮುಟ್ಟಿದ್ದು ಹದಿನೇಳನೇ ಶತಮಾನದ ಏಟು. 1649ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್ ಸೈನ್ಯ ತಂದ. ಯುದ್ಧ ಮುಗಿದ ಮೇಲೆ ಕ್ಯಾಥೊಲಿಕ್ ಜಮೀನುದಾರರ ಭೂಮಿ ಕಿತ್ತುಕೊಂಡು ಸೈನಿಕರಿಗೆ ಮತ್ತು ಸಾಲ ಕೊಟ್ಟವರಿಗೆ ಹಂಚಿದರು. ಟಿಪ್ಪರೇರಿ ಆ ಹಂಚಿಕೆಯಲ್ಲಿ ಸಿಕ್ಕಿಕೊಂಡ ಕೌಂಟಿ. ಶತಮಾನದ ಕೊನೆಗೆ ಕ್ಯಾಥೊಲಿಕರ ಮೇಲೆ ಕಠಿಣ ಕಾನೂನುಗಳು ಬಂದವು. ಭೂಮಿ ಕೊಳ್ಳೋದು, ಶಾಲೆ ನಡೆಸೋದು, ಸರ್ಕಾರಿ ಹುದ್ದೆ ಹಿಡಿಯೋದು, ಎಲ್ಲಕ್ಕೂ ತಡೆ. ಕೋರ್ಟು, ಕಂದಾಯ, ಗುತ್ತಿಗೆ ಪತ್ರ ಎಲ್ಲ ಇಂಗ್ಲಿಷಿನಲ್ಲಿ. ಬರೆಯುವ ಗುಮಾಸ್ತನಿಗೆ ಐರಿಷ್ ಬರೋದಿಲ್ಲ. ಕಿವಿಗೆ ಬಿದ್ದ ಹಾಗೆ ಗೀಚಿದ. ಓ ಕಿನ್ನೇಜೆ ಮೊದಲು ಓ ಕೆನಡಿ ಆಯಿತು. ಆಮೇಲೆ ಓ ಉದುರಿ ಬರೀ ಕೆನಡಿ ಉಳಿಯಿತು.

ಆ ಓ ಯಾಕೆ ಉದುರಿತು? ಯಾವ ಕಾನೂನೂ ಅದನ್ನು ಕೀಳಿ ಅಂತ ಇಡೀ ದೇಶಕ್ಕೆ ಹೇಳಿರಲಿಲ್ಲ. ಓ ಮತ್ತು ಮ್ಯಾಕ್ ಇದ್ದರೆ ನೀನು ಐರಿಷ್, ಕ್ಯಾಥೊಲಿಕ್, ಸೋತ ಪಕ್ಷದವನು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಗುತ್ತಿಗೆ ಜಮೀನು ಬೇಕಾದವನು, ಕೆಲಸ ಬೇಕಾದವನು ಅದನ್ನು ತಾನೇ ಬಿಟ್ಟ. ಎಷ್ಟೋ ಕಡೆ ಗುಮಾಸ್ತ ಬಿಟ್ಟ, ಇವನು ಸುಮ್ಮನಿದ್ದ. ಮನೆಯಲ್ಲಿ, ಹೊಲದಲ್ಲಿ ಐರಿಷ್ ಮಾತಾಡುವಾಗ ಮಾತ್ರ ಓ ಕಿನ್ನೇಜೆಯೇ. ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಈ ಎರಡು ಹೆಸರಿನ ಬದುಕು ನೂರಾರು ವರ್ಷ ನಡೆಯಿತು. ಇದನ್ನು ಓದುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಈಗ ಓ ಬ್ರಿಯನ್‌ಗೆ ವಾಪಸ್ ಬರೋಣ. ಒಂದೇ ಮನೆಯ ಎರಡು ಬಾಗಿಲು ಅಂದೆ. 1890ರಲ್ಲಿ ಹುಟ್ಟಿದ ಮಕ್ಕಳ ನೋಂದಣಿ ನೋಡಿ ರಾಬರ್ಟ್ ಮ್ಯಾಥಿಸನ್ ಅನ್ನೋ ಅಧಿಕಾರಿ ಐರ್ಲೆಂಡಿನ ಸರ್‌ನೇಮ್‌ಗಳ ಪಟ್ಟಿ ಮಾಡಿದ. ಮೊದಲ ಸ್ಥಾನ ಮರ್ಫಿ, ಎರಡನೆಯದು ಕೆಲ್ಲಿ, ಮೂರನೆಯದು ಸಲಿವನ್. ಆರನೆಯದು ಓ ಬ್ರಿಯನ್, ಹದಿನಾರನೆಯದು ಕೆನಡಿ. ಆ ಪಟ್ಟಿಯ ಮೇಲಿನ ಸಾಲುಗಳಲ್ಲಿ ಓ ಉಳಿಸಿಕೊಂಡ ಹೆಸರು ಬೆರಳೆಣಿಕೆಯಷ್ಟು. ಓ ಬ್ರಿಯನ್, ಓ ನೀಲ್ ಅಂಥವು. ಸಲಿವನ್, ಕಾನರ್, ರೈಲಿ ಎಲ್ಲ ಆಗ ಬೋಳಾಗಿಯೇ ಇದ್ದವು.

ಓ ಬ್ರಿಯನ್ ಉಳಿಸಿಕೊಂಡಿದ್ದು ಯಾಕೆ ಅಂದರೆ, ನನ್ನ ಲೆಕ್ಕದಲ್ಲಿ, ಆ ಮನೆತನದ ದೊಡ್ಡವರು ಮೊದಲೇ ಇಂಗ್ಲೆಂಡಿನ ರಾಜನ ಜೊತೆ ರಾಜಿ ಮಾಡಿಕೊಂಡರು. 1543ರಲ್ಲಿ ಮುರ್ರೋ ಓ ಬ್ರಿಯನ್ ತನ್ನ ಸೀಮೆಯನ್ನು ಎಂಟನೇ ಹೆನ್ರಿಗೆ ಒಪ್ಪಿಸಿ, ‘ಥೊಮಂಡ್‌ನ ಅರ್ಲ್’ ಬಿರುದಿನ ಜೊತೆ ಅದನ್ನೇ ವಾಪಸ್ ಪಡೆದ. ಬಿರುದಿನ ಪಕ್ಕದಲ್ಲಿ ಓ ಅಕ್ಷರ ಕೂತರೆ ಅದನ್ನು ಕಂಡು ಯಾರೂ ಮೂಗು ಮುರಿಯೋದಿಲ್ಲ. ಹಾಗಾಗಿ ಅದೇ ಹೆಸರಿನ ಬಡ ರೈತನೂ ಉಳಿಸಿಕೊಳ್ಳೋದು ಸುಲಭವಾಯಿತು. ಕೆನಡಿಗಳಿಗೆ ಅಂಥ ಅರ್ಲ್ ಯಾರೂ ಇರಲಿಲ್ಲ. ಅವರ ಸೀಮೆಯ ಬಿರುದು ಬಟ್ಲರರ ಹತ್ತಿರ ಇತ್ತು.

1893ರಲ್ಲಿ ಡಗ್ಲಸ್ ಹೈಡ್, ಓಯಿನ್ ಮ್ಯಾಕ್‌ನೀಲ್ ಮತ್ತು ಜೊತೆಗಾರರು ಗೇಲಿಕ್ ಲೀಗ್ ಶುರು ಮಾಡಿದರು. ಐರಿಷ್ ಭಾಷೆಯನ್ನು ಉಳಿಸೋದು ಅದರ ಕೆಲಸ. ಆಗಿನಿಂದ ಜನ ಬಿಟ್ಟ ಓ ಅನ್ನು ಮತ್ತೆ ಹಾಕಿಕೊಳ್ಳತೊಡಗಿದರು. ಸಲಿವನ್ ಓ ಸಲಿವನ್ ಆಯಿತು, ಕಾನರ್ ಓ ಕಾನರ್ ಆಯಿತು. ಆದರೆ ಕೆನಡಿ, ಮರ್ಫಿ, ಕೆಲ್ಲಿ ಅಂಥ ಹೆಸರುಗಳಿಗೆ ಅದು ಅಷ್ಟಾಗಿ ವಾಪಸ್ ಬರಲಿಲ್ಲ. ಓ ಕೆನಡಿ ಅಂತ ಬರೆಯುವವರು ಇವತ್ತು ವಿರಳ. ಐರಿಷ್ ಭಾಷೆಯಲ್ಲಿ ಬರೆಯುವಾಗ ಮಾತ್ರ ಅದು ತಪ್ಪದೆ ಬರುತ್ತದೆ.

ಹೆಣ್ಣುಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. ಐರಿಷ್‌ನಲ್ಲಿ ಓ ಅಂದರೆ ಮೊಮ್ಮಗ ಅಲ್ವಾ, ಹಾಗಾದರೆ ಹೆಂಗಸು ‘ಓ’ ಹೇಗಾಗುತ್ತಾಳೆ? ಆಗೋದಿಲ್ಲ. ಮಗಳಿಗೆ ‘ನೀ’ ಅಂತ ಬರುತ್ತದೆ, ಮತ್ತು ಮುಂದಿನ ಹೆಸರಿನ ಮೊದಲ ಅಕ್ಷರ ಮೆತ್ತಗಾಗುತ್ತದೆ. ನೀ ಖಿನ್ನೇಜೆ. ಮದುವೆಯಾಗಿ ಆ ಮನೆಗೆ ಬಂದವಳು ಗಂಡನ ಹೆಸರು ತೆಗೆದುಕೊಂಡರೆ ಉಯೀ ಖಿನ್ನೇಜೆ. ಅಪ್ಪ, ಅಮ್ಮ, ಮಗಳು ಒಂದೇ ಮನೆಯಲ್ಲಿದ್ದರೂ ಮೂವರ ಹೆಸರಿನ ರೂಪ ಬೇರೆ. ಕೇಳಿದ ಕೂಡಲೇ ಇವರು ಗಂಡಸೋ ಹೆಂಗಸೋ, ಹುಟ್ಟಿದ ಮನೆಯ ಹೆಸರೋ ಸೇರಿದ ಮನೆಯ ಹೆಸರೋ ಅಂತ ತಿಳಿಯುತ್ತದೆ. ಇಂಗ್ಲಿಷ್ ಇದನ್ನೆಲ್ಲ ಒಂದೇ ಕೆನಡಿಯಲ್ಲಿ ತುಂಬಿಬಿಟ್ಟಿತು.

ಕೊನೆಗೆ ಅಧ್ಯಕ್ಷ ಕೆನಡಿಯ ಮನೆ. ಅವರ ಮುತ್ತಜ್ಜ ಪ್ಯಾಟ್ರಿಕ್ ಕೆನಡಿ. ಊರು ವೆಕ್ಸ್‌ಫರ್ಡ್ ಕೌಂಟಿಯ ಡಂಗನ್ಸ್‌ಟೌನ್, ನ್ಯೂ ರಾಸ್ ಬಂದರಿನ ಹತ್ತಿರ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಭೀಕರ ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು. ಪ್ಯಾಟ್ರಿಕ್ ಆ 1840ರ ದಶಕದ ಕೊನೆಯಲ್ಲಿ ಹೊರಟು ಬೋಸ್ಟನ್ ಸೇರಿದ. ಪೀಪಾಯಿ ಮಾಡೋ ಕೆಲಸ ಹಿಡಿದ. 1858ರಲ್ಲಿ ಕಾಲರಾದಿಂದ ಸತ್ತ. ಹೆಂಡತಿ ಬ್ರಿಜೆಟ್ ಮರ್ಫಿ, ಅವಳೂ ವೆಕ್ಸ್‌ಫರ್ಡ್‌ನವಳೇ, ಸಣ್ಣ ಅಂಗಡಿ ನಡೆಸಿ ಮಕ್ಕಳನ್ನು ಸಾಕಿದಳು. ಈ ಮನೆತನ ಮೇಲೆ ಬಂದಿದ್ದರ ಗೌರವ ನನ್ನ ಪ್ರಕಾರ ಮೊದಲು ಸೇರಬೇಕಾದ್ದು ಅವಳಿಗೆ. ಅವಳ ಮಗ ಪ್ಯಾಟ್ರಿಕ್ ಜೋಸೆಫ್ ಬಾರ್ ಇಟ್ಟು, ರಾಜಕೀಯಕ್ಕಿಳಿದು ಮ್ಯಾಸಚೂಸೆಟ್ಸ್ ಶಾಸನಸಭೆಗೆ ಹೋದ. ಅವನ ಮಗ ಜೋಸೆಫ್ ಬ್ರಿಟನ್ನಿಗೆ ಅಮೆರಿಕದ ರಾಯಭಾರಿಯಾದ. ಜೋಸೆಫ್‌ನ ಮಗ ಅಧ್ಯಕ್ಷ.

ಅಧ್ಯಕ್ಷರ ಹೆಸರಿನ ನಡುವಿನ ‘ಎಫ್’ ಫಿಟ್ಸ್‌ಜೆರಾಲ್ಡ್, ಅಮ್ಮನ ತವರಿನ ಹೆಸರು. ಅದು ನಾರ್ಮನ್ ಹೆಸರು. ಫಿಟ್ಸ್ ಅಂದರೆ ಮಗ, ಜೆರಾಲ್ಡ್‌ನ ಮಗ ಅಂತ. ಗೇಲಿಕ್ ನಾಯಕನ ಹೆಸರೂ ಅವನ ನೆಲಕ್ಕೆ ಬಂದ ನಾರ್ಮನ್ನನ ಹೆಸರೂ ಬೋಸ್ಟನ್ನಿನಲ್ಲಿ ಒಬ್ಬನೇ ಮನುಷ್ಯನ ಹೆಸರಾದವು.

1963ರ ಜೂನ್ 26ಕ್ಕೆ ಅಧ್ಯಕ್ಷ ಕೆನಡಿ ಡಬ್ಲಿನ್ನಿಗೆ ಬಂದಿಳಿದರು. ಮರುದಿನ ನ್ಯೂ ರಾಸ್‌ಗೆ ಹೋಗಿ ಭಾಷಣ ಮಾಡಿದರು. ಡಂಗನ್ಸ್‌ಟೌನ್‌ನ ಮನೆಯಲ್ಲಿ ದೂರದ ಸಂಬಂಧಿಕರ ಜೊತೆ ಕೂತು ಟೀ ಕುಡಿದರು. 28ಕ್ಕೆ ಐರಿಷ್ ಸಂಸತ್ತಿನಲ್ಲಿ ಮಾತಾಡಿದರು. ಆ ಮನೆ ಈಗಲೂ ಅದೇ ಕುಟುಂಬದ ಕೈಯಲ್ಲಿದೆ, ಹೋಗಿ ನೋಡಬಹುದು.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಮುಂದಿನ ಸಾಲಿನ ಒಬ್ಬರು ಹಿರಿಯರು ಕೇಳಿದರು: ‘ಹಾಗಾದರೆ ಕೆನಡಿ ಅನ್ನೋರೆಲ್ಲ ಬ್ರಿಯನ್ ಬೋರುವಿನ ಅಣ್ಣತಮ್ಮಂದಿರ ವಂಶದವರೇನ್ರೀ?’

ಇಲ್ಲ ಸರ್. ಸ್ಕಾಟ್ಲೆಂಡಿನಲ್ಲೂ ಕೆನಡಿಗಳಿದ್ದಾರೆ. ನೈಋತ್ಯ ಭಾಗದ ಏರ್‌ಶೈರ್, ಕ್ಯಾರಿಕ್ ಕಡೆಯವರು. ಕ್ಯಾಸಿಲ್ಸ್‌ನ ಅರ್ಲ್ ಬಿರುದು ಅವರದು, ಸಮುದ್ರದ ಅಂಚಿನ ಕಲೇನ್ ಕೋಟೆ 1945ರವರೆಗೆ ಅವರದಾಗಿತ್ತು. ಅವರು ಬೇರೆ ಮನೆತನ, ಆರ್ಮಂಡ್‌ನ ಕೆನಡಿಗಳಿಗೆ ಸೇರಿದವರಲ್ಲ. ಹದಿನೇಳನೇ ಶತಮಾನದಲ್ಲಿ ಉತ್ತರ ಐರ್ಲೆಂಡಿನ ಅಲ್‌ಸ್ಟರ್‌ಗೆ ಸ್ಕಾಟ್ಲೆಂಡಿನಿಂದ ಜನರನ್ನು ತಂದು ಕೂರಿಸಿದಾಗ ಅವರಲ್ಲೂ ಕೆನಡಿಗಳು ಬಂದರು. ಹಾಗಾಗಿ ಬೆಲ್‌ಫಾಸ್ಟ್ ಕಡೆಯ ಕೆನಡಿ ಅಂದರೆ ಸ್ಕಾಟಿಷ್ ಮೂಲ ಇರಬಹುದು, ಟಿಪ್ಪರೇರಿಯ ಕೆನಡಿ ಅಂದರೆ ಆರ್ಮಂಡ್ ಮೂಲ ಇರೋ ಸಾಧ್ಯತೆ ಜಾಸ್ತಿ. ಹೆಸರಿಗಿಂತ ಊರು ಮುಖ್ಯ.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: ‘ಮೇಲಕ್ಕೆ ಮೇಲಕ್ಕೆ ದಾಖಲೆ ಹುಡುಕಿಕೊಂಡು ಹೋದರೆ ಸಾವಿರ ವರ್ಷ ಮುಟ್ಟಬಹುದಾ?’

ಸಾಮಾನ್ಯ ಕುಟುಂಬಕ್ಕೆ ಆಗೋದಿಲ್ಲಮ್ಮ. ಎಲ್ಲರ ಹುಟ್ಟು ಸಾವಿನ ಸರ್ಕಾರಿ ನೋಂದಣಿ ಐರ್ಲೆಂಡಿನಲ್ಲಿ ಶುರುವಾಗಿದ್ದು 1864ರಲ್ಲಿ. ಹಳ್ಳಿಗಾಡಿನ ಎಷ್ಟೋ ಚರ್ಚುಗಳ ಕ್ಯಾಥೊಲಿಕ್ ರಿಜಿಸ್ಟರ್‌ಗಳು ಹತ್ತೊಂಬತ್ತನೇ ಶತಮಾನದಿಂದ ಈಚೆಗಿನವು. ಅದರ ಮೇಲೆ 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಹೊತ್ತಿಗೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ಜೊತೆ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಗೊಂಡು ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಬಹುಪಾಲು ಅಲ್ಲೇ ಬೂದಿಯಾದವು. ಆಮೇಲಿನ ನಾಲ್ಕು ಜನಗಣತಿಗಳ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು. ಪೂರ್ತಿಯಾಗಿ ಉಳಿದಿರೋ ಹಳೆಯ ಜನಗಣತಿ ಅಂದರೆ 1901 ಮತ್ತು 1911ರವು. ಎರಡನ್ನೂ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಕ್ಯಾಥೊಲಿಕ್ ರಿಜಿಸ್ಟರ್‌ಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಹಾಗೇ ಇಟ್ಟಿದೆ. ಯಾರಿಗಾದರೂ ಐರಿಷ್ ಹೆಸರಿನ ಸ್ನೇಹಿತರಿದ್ದು ಅವರು ಹುಡುಕಬೇಕು ಅಂದರೆ ಅಲ್ಲಿಂದ ಶುರು ಮಾಡಲಿ. 1911ರ ಹಾಳೆಗಳನ್ನು ಮನೆಯ ಯಜಮಾನನೇ ಕೈಯಾರೆ ತುಂಬಿರುತ್ತಾನೆ. ಕೆಲವು ಮನೆಗಳವರು ಅದನ್ನು ಐರಿಷ್‌ನಲ್ಲೇ ತುಂಬಿ, ಉದುರಿಹೋಗಿದ್ದ ಓ ಅನ್ನೂ ನೀ ಅನ್ನೂ ತಾವೇ ಬರೆದು ಸರ್ಕಾರಕ್ಕೆ ಕೊಟ್ಟಿದ್ದಾರೆ.